ಜೀವಕರ್ತೃತ್ವ ಮತ್ತು ಒಂದು ಸೈಕಲ್ ಅಪಘಾತ



ಇರುವ ತತ್ತ್ವಗಳೆಲ್ಲವನ್ನೂ ಸ್ವತಂತ್ರ, ಅಸ್ವತಂತ್ರ ಎಂದು ಎರಡು ವಿಧವಾಗಿ ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರು ತತ್ತ್ವಸಂಖ್ಯಾನದ ಆರಂಭದಲ್ಲಿಯೇ ವಿಭಾಗಿಸಿ ತೋರಿಸಿದ್ದಾರೆ. ಸ್ವತಂತ್ರನು ಶ್ರೀಮಹಾವಿಷ್ಣು ಒಬ್ಬನೇ. ಮಹಾಲಕ್ಷ್ಮೀದೇವಿಯರು ಮೊದಲ್ಗೊಂಡು ಹುಲ್ಲುಕಡ್ಡಿಯವರೆಗೆ ಉಳಿದುದೆಲ್ಲವೂ ಅವನ ಅಧೀನ. ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದಿರುವ ಸಿದ್ಧಾಂತವಿದು. ಆದರೆ ತಿಳಿದಿರುವುದು ಬೇರೆ, ರಸ್ತೆಯ ಮೇಲೆ ಬಿದ್ದಾಗ ಅದು ನೆನಪಿಗೆ ಬರುವುದು ಬೇರೆ.

ಕಳೆದ ಮಳೆಗಾಲದಲ್ಲಿ ನಮ್ಮ ಶಾಖಾಮಠದ ಪಾಠಕ್ಕೆ ತರುಣರೊಬ್ಬರು ಕೈಯನ್ನು ಜೋಳಿಗೆಯಲ್ಲಿ ಇರಿಸಿಕೊಂಡು ಬಂದಿದ್ದರು. ಪುಣೆಯ ಪಶ್ಚಿಮಕ್ಕಿರುವ ಹಿಂಜವಡಿಯ ಕಛೇರಿಗೆ ಆರೋಗ್ಯದ ದೃಷ್ಟಿಯಿಂದ ಸೈಕಲ್ಲಿನಲ್ಲಿಯೇ ಹೋಗಿಬರುವ ಅಭ್ಯಾಸವನ್ನು ಅವರು ಇಟ್ಟುಕೊಂಡಿದ್ದಾರೆ. ರಸ್ತೆಯ ಪಕ್ಕ ನಿಲ್ಲಿಸಿದ್ದ ಕಾರಿನ ಬಾಗಿಲು ಹಠಾತ್ತಾಗಿ ತೆರೆದು, ಅದಕ್ಕೆ ತಗುಲಿ ಬಿದ್ದು ಮಣಿಕಟ್ಟು ಮುರಿದಿತ್ತು. ಪಾಠ ಮುಗಿದ ಮೇಲೆ ಅವರು, "ಆಚಾರ್ಯರೇ, ಅಂದು ಬೆಳಿಗ್ಗೆ ಸಂಧ್ಯಾವಂದನೆ ಬಿಟ್ಟಿರಲಿಲ್ಲ. ದೇವರಿಗೆ ನಮಸ್ಕಾರ ಮಾಡಿಯೇ ಹೊರಟಿದ್ದೆ. ಹರಿಯೇ ಸರ್ವಕರ್ತೃ ಎಂದು ನೀವು ಹೇಳುತ್ತೀರಿ. ಹಾಗಾದರೆ ನನ್ನನ್ನು ಕೆಡವಿದವನೂ ಅವನೇ ಅಲ್ಲವೇ?" ಎಂದು ಕೇಳಿದರು. ಕೇಳಿದ ರೀತಿಯಲ್ಲಿ ಕುಹಕವಿರಲಿಲ್ಲ, ನೋವಿತ್ತು.

ಶಾಸ್ತ್ರದ ಉತ್ತರ ನಾಲಗೆಯ ತುದಿಯಲ್ಲಿಯೇ ಇದ್ದರೂ ನಾವು ಕೂಡಲೇ ಹೇಳಲಿಲ್ಲ. ಇದೇ ಪ್ರಶ್ನೆಯನ್ನು ನಾವೂ ಒಮ್ಮೆ ಕೇಳಿದ್ದೆವು, ಅದೂ ತಪ್ಪಾಗಿ ಕೇಳಿದ್ದೆವು. ಆ ಸಂಗತಿಯನ್ನು ಇಷ್ಟು ವರ್ಷ ವೇದಿಕೆಯ ಮೇಲಿಂದ ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇವೆ.

1994ನೆಯ ಇಸವಿ, ಆಷಾಢ ಶುದ್ಧ ಪಂಚಮಿ. ನಮಗೆ ಆಗ ನಲವತ್ತೆರಡು ವರ್ಷ. ಪುಣೆಯ ಪೇಠೆಯೊಂದರ ವಾಡೆಯಲ್ಲಿ ಎರಡು ಕೋಣೆಗಳ ಬಿಡಾರ, ಖಡಕಿಯ ಆಚೆಯ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಉದ್ಯೋಗ, ಭಾನುವಾರ ಶಾಖಾಮಠದಲ್ಲಿ ಪಾಠ. ಆಗಿನ ಪುಣೆಯಲ್ಲಿ ಸೈಕಲ್ಲುಗಳು ಇನ್ನೂ ಬೇಕಾದಷ್ಟಿದ್ದವು. ಪಾಳಿ ಬದಲಾಗುವ ಹೊತ್ತಿಗೆ ಕಾರ್ಖಾನೆಗಳ ಗೇಟಿನ ಮುಂದೆ ರಸ್ತೆ ತುಂಬ ಅವೇ. ನಮ್ಮದು ಕಬ್ಬಿಣದ ಸರಳುಗಳ ಮೂಲಕ ಬ್ರೇಕು ಹಿಡಿಯುವ ಹಳೆಯ ಕರಿಯ ಸೈಕಲ್ಲು. ಊರು ಬಿಟ್ಟು ಬಂದ ವರ್ಷ ಕೊಂಡದ್ದು. ಜ್ಞಾನೋಬಾ ತುಕೋಬಾರ ಪಾಲಖಿಗಳು ನಗರವನ್ನು ದಾಟಿ ಪಂಢರಪುರದತ್ತ ಹೋಗಿ ಹತ್ತು ದಿನಗಳಾಗಿದ್ದವು. ಮಳೆ ಹಿಡಿದಿತ್ತು.

ಶಿವಾಜಿನಗರವನ್ನು ದಾಟಿ ಹೋಗುತ್ತಿರುವಾಗ ಮುಂದಿದ್ದ ಆಟೋರಿಕ್ಷಾ ನಿಧಾನವಾಯಿತು. ನಾವು ಬ್ರೇಕನ್ನು ಅದುಮಿದೆವು. ಸೈಕಲ್ಲು ನಿಲ್ಲಲಿಲ್ಲ. ರಿಕ್ಷಾದ ಹಿಂಭಾಗಕ್ಕೆ ತಗುಲಿ, ಎಡಕ್ಕೆ ವಾಲಿ, ಎಡಭುಜದ ಮೇಲೆ ಪೂರ್ತಿ ಭಾರ ಬಿದ್ದು ಡಾಂಬರಿನ ಮೇಲೆ ಒರಗಿದೆವು. ಊಟದ ಡಬ್ಬಿ ತೆರೆದುಕೊಂಡು ಅವಲಕ್ಕಿಯೆಲ್ಲ ಮಳೆನೀರಿನಲ್ಲಿ ಹರಿಯಿತು. ವಿಚಿತ್ರವೆಂದರೆ, ಆ ಕ್ಷಣದಲ್ಲಿ ನಮಗೆ ದೇವರ ಸ್ಮರಣೆ ಬರಲಿಲ್ಲ. ಹತ್ತು ವರ್ಷಗಳಿಂದ ಅಂತ್ಯಕಾಲದ ಸ್ಮರಣೆಯ ಕುರಿತು ಪಾಠ ಹೇಳುತ್ತಿದ್ದವರಿಗೆ ಬಂದದ್ದು ಡಬ್ಬಿಯ ಮುಚ್ಚಳದ ಯೋಚನೆ. ಎರಡನೆಯದಾಗಿ ಬಂದದ್ದು ರಿಕ್ಷಾದವನ ಮೇಲೆ ಸಿಟ್ಟು.

ರಿಕ್ಷಾದವನು ಇಳಿದು ಓಡಿ ಬಂದು, "ಕಾಕಾ, ಹಾತ್ ಹಲವೂ ನಕಾ" ಎಂದು, ಕೈ ಅಲುಗಿಸಬೇಡಿರೆಂದು ಎರಡು ಸಲ ಹೇಳಿ, ತನ್ನ ಹೆಗಲ ಮೇಲಿನ ಟವೆಲ್ಲಿನಿಂದಲೇ ನಮ್ಮ ಎಡಗೈಯನ್ನು ಎದೆಗೆ ಕಟ್ಟಿದನು. ಸೈಕಲ್ಲನ್ನು ಒಂದು ಚಹದ ಅಂಗಡಿಯಲ್ಲಿ ಇರಿಸಿ, ನಮ್ಮನ್ನು ತನ್ನ ವಾಹನದಲ್ಲಿಯೇ ಆಸ್ಪತ್ರೆಗೆ ಕರೆದೊಯ್ದನು. ಮೀಟರು ಹಾಕಲಿಲ್ಲ. ನಮ್ಮ ಸೈಕಲ್ಲು ತಗುಲಿ ಅವನ ಹಿಂಬದಿಯ ದೀಪದ ಗಾಜು ಒಡೆದಿತ್ತು. ಅದರ ಮಾತನ್ನೂ ಅವನು ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಬರೆಯುವಾತನು ಹೇಗಾಯಿತೆಂದು ಕೇಳಿದನು. "ರಿಕ್ಷಾದವನು ಅಡ್ಡ ಬಂದ" ಎಂದೆವು. ಯೋಚಿಸಿ ಹೇಳಿದ್ದಲ್ಲ, ಮಾತು ತಾನಾಗಿಯೇ ಬಂದಿತು. ಅಲ್ಲಿದ್ದ ಪೊಲೀಸ್ ಪೇದೆ ದೂರು ಕೊಡುತ್ತೀರಾ ಎಂದು ವಿಚಾರಿಸಿದನು. ನಾವು ಬಹು ಉದಾರವಾಗಿ, "ಬೇಡ, ಬಡವ, ಹೋಗಲಿ" ಎಂದೆವು. ರಿಕ್ಷಾದವನು ಬಾಗಿಲ ಬಳಿಯೇ ನಿಂತಿದ್ದನು. ಅವನು ನಮ್ಮ ಮುಖವನ್ನು ಒಂದು ಸಲ ನೋಡಿದನು, ಏನನ್ನೂ ಹೇಳದೆ ಹೊರಟುಹೋದನು.

ಆಸ್ತಿಕ ಬಂಧುಗಳು ಇಲ್ಲಿ ನಡೆದದ್ದನ್ನು ಗಮನಿಸಬೇಕು. ನಮ್ಮ ಸೈಕಲ್ಲಿನ ಬ್ರೇಕಿನ ರಬ್ಬರು ಸವೆದು ತಿಂಗಳಾಗಿತ್ತು. ಜ್ಯೇಷ್ಠಮಾಸದಲ್ಲಿಯೇ ಮನೆಯವರು, ಗಾಲಿ ಕಿರಗುಟ್ಟುತ್ತದೆ, ತೋರಿಸಿ ಎಂದು ಹೇಳಿದ್ದರು. ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಹೊಸ ರಬ್ಬರೇ ಸರಿಯಾಗಿ ಹಿಡಿಯುವುದಿಲ್ಲ, ಸವೆದದ್ದರ ಪಾಡು ಹೇಳುವುದೇ ಬೇಡ. ಚಿಲ್ಲರೆ ದುಡ್ಡಿನ ಕೆಲಸ, ಹತ್ತು ನಿಮಿಷದ ಕೆಲಸ, ಈ ಭಾನುವಾರ, ಮುಂದಿನ ಭಾನುವಾರ ಎಂದು ತಳ್ಳಿದ್ದೆವು. ಭಾನುವಾರ ನಮಗೆ ಪಾಠವಿರುತ್ತಿತ್ತಲ್ಲ! ರಿಕ್ಷಾ ಅಡ್ಡ ಬಂದಿರಲಿಲ್ಲ. ಶಾಲೆಗೆ ಹೋಗುವ ಮಗುವೊಂದು ರಸ್ತೆ ದಾಟುತ್ತಿದ್ದುದರಿಂದ ಅವನು ಸರಿಯಾಗಿಯೇ ನಿಧಾನಿಸಿದ್ದನು. ತಪ್ಪು ಮಾಡಿದವರು ನಾವು. ತಪ್ಪಿಲ್ಲದವನನ್ನು ಕ್ಷಮಿಸಿದವರೂ ನಾವೇ. ನೋಡಲು ಬಂದ ಭಕ್ತಾದಿಗಳು ನಮ್ಮ ಕ್ಷಮಾಗುಣವನ್ನು ಕೊಂಡಾಡಿದರು, ನಾವು ತಲೆ ತಗ್ಗಿಸಿ ಆ ಪ್ರಶಂಸೆಯನ್ನು ಸ್ವೀಕರಿಸಿದೆವು.

ಮುರಿದದ್ದು ಎಡಗಡೆಯ ಕೊರಳೆಲುಬು. ಶಾಸ್ತ್ರದ ಭಾಷೆಯಲ್ಲಿ ಜತ್ರು. ಶ್ರೀರಾಮಚಂದ್ರನ ಅಂಗಲಕ್ಷಣಗಳನ್ನು ಹೇಳುವಾಗ ವಾಲ್ಮೀಕಿ ಮಹರ್ಷಿಗಳು ಗೂಢಜತ್ರು ಎನ್ನುತ್ತಾರೆ, ಆ ಎಲುಬು ಮಾಂಸದಲ್ಲಿ ಮುಚ್ಚಿಕೊಂಡಿದೆಯೆಂದು. ನಮ್ಮಂಥ ಗುಮಾಸ್ತರದು ಚರ್ಮದ ಕೆಳಗೇ ಎದ್ದು ಕಾಣುತ್ತದೆ, ಬಿದ್ದರೆ ಮೊದಲು ಮುರಿಯುತ್ತದೆ. ವೈದ್ಯರು ಕ್ಷ-ಕಿರಣ ಚಿತ್ರ ತೆಗೆಸಿ, ತುಂಡುಗಳು ಹೆಚ್ಚು ಸರಿದಿಲ್ಲ, ಶಸ್ತ್ರಕ್ರಿಯೆ ಬೇಕಿಲ್ಲವೆಂದರು. ಎರಡು ಕಂಕುಳುಗಳ ಕೆಳಗೂ ಹಾಯ್ದು ಬೆನ್ನಿನ ಮೇಲೆ ಎಂಟರ ಅಂಕಿಯಂತೆ ಸೇರುವ ಪಟ್ಟಿಯನ್ನು ಬಿಗಿದು, ಕೈಯನ್ನು ಜೋಳಿಗೆಯಲ್ಲಿ ಇರಿಸಿದರು. ಆರು ವಾರ ಎಂದರು. ತಲೆಗೂ ಪೆಟ್ಟು ತಗುಲಿರಬಹುದೆಂದು, ಆ ರಾತ್ರಿ ವಾಂತಿ ಅಥವಾ ವಿಪರೀತ ಮಂಪರು ಕಂಡರೆ ಕೂಡಲೇ ಕರೆತರಬೇಕೆಂದು ಮನೆಯವರಿಗೆ ಎಚ್ಚರಿಕೆ ಕೊಟ್ಟರು.

ಜನಿವಾರ ನೆಲೆಸುವುದು ಎಡಭುಜದ ಮೇಲೆಯೇ. ಪಟ್ಟಿಯ ಮೇಲಿಂದ ಅದನ್ನು ಇಳಿಬಿಟ್ಟು ದಿನ ಕಳೆದೆವು. ಎಡಗೈ ಕಟ್ಟಿಹಾಕಿದ ಮೇಲೆ ಆಹ್ನಿಕದಲ್ಲಿ ಅದರ ಪಾಲು ಎಷ್ಟೆಂಬುದು ತಿಳಿಯಿತು. ಆಚಮನಕ್ಕೆ ಬಲ ಅಂಗೈಗೆ ನೀರು ಎರೆಯುವುದು ಎಡಗೈ. ಅರ್ಘ್ಯಕ್ಕೆ ಬೊಗಸೆ ಬೇಕು. ದ್ವಾದಶನಾಮಗಳಲ್ಲಿ ಬಲಬಾಹುವಿನ ನಾಮಗಳನ್ನು ಹಚ್ಚಬೇಕಾದುದು ಎಡಗೈ. ಪಂಚೆ ಉಡುವುದು ಒಂದು ಕೈಯಿಂದ ಆಗದ ಕೆಲಸ. ಸಾಷ್ಟಾಂಗವಂತೂ ದೂರ. ಮನೆಯವರು ಪಂಚೆ ಉಡಿಸುವರು. ಆಗ ಆರನೆಯ ತರಗತಿಯಲ್ಲಿದ್ದ ಮಗಳು ಉದ್ಧರಣೆಯಿಂದ ನೀರು ಹಾಕುವಳು, ಗೋಪೀಚಂದನ ತೇದು ಕೊಡುವಳು, ನಾಮ ಸೊಟ್ಟಗೆ ಬಂದರೆ ನಗುವಳು. ಅಸ್ವಾತಂತ್ರ್ಯವೆಂಬ ಶಬ್ದವನ್ನು ನಾವು ಎಷ್ಟು ಸಲ ವಿವರಿಸಿದ್ದೆವೋ ಲೆಕ್ಕವಿಲ್ಲ. ಸ್ನಾನದ ಮನೆಯ ಬಾಗಿಲಲ್ಲಿ ನಿಂತು ಕಚ್ಚೆ ಕಟ್ಟಲು ಇನ್ನೊಬ್ಬರನ್ನು ಕಾಯುವಾಗ ಆ ಶಬ್ದ ಬೇರೆಯಾಗಿಯೇ ಕೇಳಿಸುತ್ತದೆ.

ರಾತ್ರಿ ಮಲಗಲು ಆಗುತ್ತಿರಲಿಲ್ಲ. ದಿಂಬುಗಳಿಗೆ ಒರಗಿ ಅರ್ಧ ಕುಳಿತೇ ಇರಬೇಕಾಗಿತ್ತು. ಛಾಂದೋಗ್ಯದ ಐದನೆಯ ಅಧ್ಯಾಯದಲ್ಲಿ ಬರುವ ಪ್ರಾಣಸಂವಾದ ಆ ರಾತ್ರಿಗಳಲ್ಲಿ ನೆನಪಾಗುತ್ತಿತ್ತು. ತಮ್ಮಲ್ಲಿ ಶ್ರೇಷ್ಠರಾರೆಂದು ಇಂದ್ರಿಯಾಭಿಮಾನಿಗಳಿಗೆ ವಿವಾದ ಬಂದಾಗ ವಾಕ್ಕು ಒಂದು ವರ್ಷ ದೇಹವನ್ನು ಬಿಟ್ಟು ಹೋಯಿತು. ದೇಹ ಮೂಕರಂತೆ ಬದುಕಿತ್ತು. ಕಣ್ಣು ಹೋಯಿತು, ಕುರುಡರಂತೆ ಬದುಕಿತ್ತು. ಕಿವಿ ಹೋಯಿತು, ಮನಸ್ಸೂ ಹೋಯಿತು, ಆದರೂ ಬದುಕಿತ್ತು. ಮುಖ್ಯಪ್ರಾಣನು ಹೊರಡಲು ಎದ್ದೊಡನೆ, ಒಳ್ಳೆಯ ಕುದುರೆ ತನ್ನನ್ನು ಕಟ್ಟಿದ ಗೂಟಗಳನ್ನೆಲ್ಲ ಕಿತ್ತುಕೊಂಡು ಏಳುವಂತೆ, ಉಳಿದವರೆಲ್ಲರೂ ಬುಡ ಸಹಿತ ಅಲುಗಿದರು. ನಮ್ಮಿಂದ ಒಂದು ಕೈ ಹೋಗಿತ್ತು, ಅಷ್ಟೇ. ನಾವು ನೋವಿನಿಂದ ನರಳುತ್ತಿದ್ದಾಗಲೂ, ಕಣ್ಣು ಹತ್ತಿದಾಗಲೂ, ಶ್ವಾಸರೂಪವಾಗಿ ದಿನಕ್ಕೆ 21,600 ಹಂಸಮಂತ್ರ ಜಪವನ್ನು ಮಾಡಿಸುವವರು ಒಂದು ಗಳಿಗೆಯೂ ರಜೆ ಹಾಕಿರಲಿಲ್ಲ. ವಾಯು ಜೀವೋತ್ತಮನೆಂಬುದನ್ನು ಕಾರ್ಖಾನೆಯ ರಜಾಪತ್ರಿಕೆಯನ್ನು ಪಕ್ಕದಲ್ಲಿ ಇರಿಸಿಕೊಂಡು ಚಿಂತಿಸಿದ್ದು ಅದೇ ಮೊದಲು.

ಆರು ದಿನಗಳ ಮೇಲೆ ಪ್ರಥಮೈಕಾದಶಿ. ತಪ್ತಮುದ್ರಾಧಾರಣೆಗೆ ಶ್ರೀಪಾದಂಗಳವರು ನಮ್ಮ ಶಾಖಾಮಠಕ್ಕೆ ಒಂದು ಹೊತ್ತಿನ ಮಟ್ಟಿಗೆ ಚಿತ್ತೈಸಿದ್ದರು. ಸಾಲಿನಲ್ಲಿ ನಮ್ಮ ಸರದಿ ಬಂದಾಗ ಪಟ್ಟಿಯನ್ನು ನೋಡಿ, ಏನಾಯಿತೆಂದು ವಿಚಾರಿಸಿದರು. ಸುದರ್ಶನಹೋಮದ ಅಗ್ನಿಯ ಮುಂದೆ, ಗುರುಗಳ ಸನ್ನಿಧಾನದಲ್ಲಿ, ನಾವು ಅದೇ ಕಥೆಯನ್ನು ಹೇಳಿದೆವು. ರಿಕ್ಷಾದವನು ಅಡ್ಡ ಬಂದ, ನಾವು ದೂರು ಕೊಡಲಿಲ್ಲ. ಶ್ರೀಗಳವರು, "ಆಸ್ಪತ್ರೆಗೆ ಯಾರು ಕರೆದುಕೊಂಡು ಹೋದರು?" ಎಂದು ಕೇಳಿದರು. "ಅವನೇ" ಎಂದೆವು. ಅವರು ಒಂದು ಕ್ಷಣ ಸುಮ್ಮನಿದ್ದು, ಬಲತೋಳಿಗೆ ಚಕ್ರವನ್ನು ಒತ್ತಿ, "ಎಡಗೈ ಕಟ್ಟಿದೆ. ಶಂಖ ಬರುವ ವರ್ಷ ಆಗಲಿ" ಎಂದು ಅಪ್ಪಣೆ ಕೊಡಿಸಿದರು. ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಬಾರದೆಂದು ವೈದ್ಯರು ಹೇಳಿದ್ದನ್ನು ನಿವೇದಿಸಿದಾಗ, ಮಾತ್ರೆಯ ಮಟ್ಟಿಗೆ ಹಾಲು ತೆಗೆದುಕೊಳ್ಳಿರೆಂದರು. ವ್ರತವನ್ನು ಕೆಡಿಸದಿರುವ ಎಂಟರಲ್ಲಿ ಔಷಧವನ್ನೂ ಗುರುವಚನವನ್ನೂ ಹಿರಿಯರು ಎಣಿಸಿದ್ದಾರೆ. ಆದರೆ ಏಕಾದಶಿಯ ವಿಷಯದಲ್ಲಿ ನಮ್ಮ ಸಂಪ್ರದಾಯ ಬಿಗಿಯಾದುದು. ನಮಗಾದ ಅಪ್ಪಣೆಯನ್ನು ಓದುಗರು ತಮಗೂ ಅನ್ವಯಿಸಿಕೊಳ್ಳದೆ ತಂತಮ್ಮ ಗುರುಗಳನ್ನೂ ವೈದ್ಯರನ್ನೂ ಕೇಳಬೇಕು.

ಚಾತುರ್ಮಾಸ್ಯದ ಆಹಾರದ ಬಗ್ಗೆ ಒಂದು ಮಾತು. ನಮ್ಮ ವೈದ್ಯರು ಸೊಪ್ಪು, ಹಾಲು, ಬೇಳೆಗಳನ್ನು ಚೆನ್ನಾಗಿ ತಿನ್ನಬೇಕೆಂದರು. ಮನೆಯಲ್ಲಿ ಶಾಕವ್ರತ ಆರಂಭವಾಗಿತ್ತು, ಸೊಪ್ಪಿಲ್ಲ. ಮೊದಲು ಗಾಬರಿಗೊಂಡ ಮನೆಯವರು ಆಮೇಲೆ ಲೆಕ್ಕ ಹಾಕಿದರು. ಮೊದಲ ತಿಂಗಳು ಹಾಲು ಮೊಸರು ಉಂಟು, ಹೆಸರುಬೇಳೆಯ ತೊವ್ವೆ ಉಂಟು. ಎರಡನೆಯ ತಿಂಗಳು ಮೊಸರು ಬಿಟ್ಟರೂ ಸೊಪ್ಪು ಬರುತ್ತದೆ. ಹಾಲು ಬಿಡಬೇಕಾದುದು ಮೂರನೆಯ ತಿಂಗಳು, ಅಷ್ಟರಲ್ಲಿ ಎಲುಬು ಕೂಡಿರುತ್ತದೆ. ವೈದ್ಯರು ಮಹಾರಾಷ್ಟ್ರದವರು. ಈ ಲೆಕ್ಕವನ್ನು ಕೇಳಿ ನಕ್ಕು ಒಪ್ಪಿದರು.

ಈಗ ಸಿದ್ಧಾಂತಕ್ಕೆ ಬರೋಣ. ಕೆಲಸವೊಂದು ನಡೆಯಲು ಐದು ಕಾರಣಗಳೆಂದು ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಭಗವಂತನು ಹೇಳುತ್ತಾನೆ. ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಶ್ರೀಮದಾಚಾರ್ಯರು ಅಲ್ಲಿಯ ಕರ್ತೃ ಎಂಬ ಪದಕ್ಕೆ ವಿಷ್ಣುವೆಂದೇ ಅರ್ಥ ಹೇಳಿ, ದೈವವೆಂದರೆ ಅದೃಷ್ಟವೆಂದು ವಿವರಿಸಿದ್ದಾರೆ. ಇಷ್ಟನ್ನೇ ಹಿಡಿದುಕೊಂಡರೆ ನಮ್ಮ ತರುಣರ ಪ್ರಶ್ನೆ ಸರಿಯೆಂದೇ ತೋರುತ್ತದೆ. ನಾವೂ ಹಾಸಿಗೆಯಲ್ಲಿ ಒರಗಿಕೊಂಡು ಹಾಗೆಯೇ ವಾದಿಸಿದೆವು. ಹರಿಯು ಕೆಡವಿದನು, ರಿಕ್ಷಾದವನು ನಿಮಿತ್ತನಾದನು, ನಮ್ಮ ಪ್ರಾರಬ್ಧ ತೀರಿತು. ನೋಡಿದಿರಾ, ಈ ವಾದದಲ್ಲಿ ಎಲ್ಲರಿಗೂ ಜಾಗವಿದೆ, ಸವೆದ ರಬ್ಬರಿಗೆ ಮಾತ್ರ ಇಲ್ಲ.

ಆದರೆ ಅದೇ ಆಚಾರ್ಯರು ಬ್ರಹ್ಮಸೂತ್ರಭಾಷ್ಯದ ದ್ವಿತೀಯಾಧ್ಯಾಯದ ತೃತೀಯ ಪಾದದಲ್ಲಿ ಜೀವನಿಗೂ ಕರ್ತೃತ್ವವುಂಟೆಂದು ಸ್ಥಾಪಿಸಿದ್ದಾರೆ. ಜೀವನು ಏನನ್ನೂ ಮಾಡದವನಾದರೆ, ಇದನ್ನು ಮಾಡು, ಇದನ್ನು ಬಿಡು ಎಂಬ ಶಾಸ್ತ್ರ ಯಾರಿಗೆ? ಕಲ್ಲಿಗೆ ವಿಧಿ ಇಲ್ಲ, ನಿಷೇಧವಿಲ್ಲ. ಜೀವನ ಕರ್ತೃತ್ವ ಪರಮಾತ್ಮನ ಅಧೀನ, ಆದರೂ ಅದು ಸುಳ್ಳಲ್ಲ. ಅವನು ಪ್ರೇರಿಸುವುದೂ ಜೀವನ ಪ್ರಯತ್ನಾದಿಗಳನ್ನು ಅನುಸರಿಸಿಯೇ ಹೊರತು ಮನಬಂದಂತೆ ಅಲ್ಲ. ಆದ್ದರಿಂದಲೇ ಅವನಿಗೆ ಪಕ್ಷಪಾತವೂ ನಿರ್ದಯತೆಯೂ ಅಂಟುವುದಿಲ್ಲ.

ಅಲ್ಲಿ ಸೂತ್ರಕಾರರು ಕೊಡುವ ದೃಷ್ಟಾಂತ ಬಡಗಿಯದು. ಬಡಗಿಯನ್ನು ಕೆಲಸಕ್ಕೆ ಹಚ್ಚುವವನು ಬೇರೊಬ್ಬನಿದ್ದಾನೆ. ಅವನಿಗೆ ಅಧೀನನಾಗಿದ್ದುಕೊಂಡೇ ಬಡಗಿಯು ತಾನೂ ಕರ್ತೃ. ನಮ್ಮ ಕಾರ್ಖಾನೆಯಲ್ಲಿ ಪ್ಯಾಟರ್ನ್ ಶಾಪ್ ಎಂಬ ವಿಭಾಗವಿತ್ತು. ಕಬ್ಬಿಣವನ್ನು ಎರಕ ಹೊಯ್ಯುವ ಮೊದಲು ಅಲ್ಲಿಯ ಬಡಗಿಗಳು ಮರದಲ್ಲಿ ಮಾದರಿಯನ್ನು ಕೆತ್ತುವರು. ನಕ್ಷೆ ಬರುವುದು ಮೇಲಿಂದ. ಮರ ಕಂಪನಿಯದು. ಎಷ್ಟು ಬೇಕು, ಯಾವಾಗ ಬೇಕು ಎಂಬುದನ್ನು ಫೋರ್ಮನ್ ನಿರ್ಧರಿಸುವನು. ಬಡಗಿ ತನ್ನ ಇಷ್ಟದಂತೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಆದರೂ ಉಳಿ ಜಾರಿ ಅಳತೆ ತಪ್ಪಿದರೆ, ಆಜ್ಞೆ ಫೋರ್ಮನ್ನದು, ತಪ್ಪೂ ಅವನದೇ ಎಂದು ಯಾವ ಬಡಗಿಯೂ ಹೇಳಿದ್ದನ್ನು ನಾವು ಕೇಳಲಿಲ್ಲ. ಹಿಂದಿನ ದಿನ ಉಳಿಯನ್ನು ಮಸೆಯಬೇಕಾಗಿದ್ದವನು ತಾನು ಎಂಬುದು ಅವನಿಗೆ ಗೊತ್ತು. ಹದಿನೈದು ವರ್ಷ ಆ ವಿಭಾಗದ ಕೂಲಿಪಟ್ಟಿಯನ್ನು ಬರೆದ ನಮಗೆ ಆ ಅಧಿಕರಣ ಪುಸ್ತಕದಲ್ಲಿ ಮಾತ್ರ ಇತ್ತು.

ಅದನ್ನು ಬಿಡಿಸಿ ಹೇಳಿದ್ದು ಮಗಳು. ಸಹೋದ್ಯೋಗಿಯೊಬ್ಬರು ಸೈಕಲ್ಲನ್ನು ಚಹದ ಅಂಗಡಿಯಿಂದ ತಂದು ವಾಡೆಯ ಅಂಗಳದಲ್ಲಿ ನಿಲ್ಲಿಸಿದ್ದರು. ಅವಳು ಗಾಲಿಯನ್ನು ತಿರುಗಿಸಿ, ಬ್ರೇಕನ್ನು ಒತ್ತಿ, ಗಾಲಿ ನಿಲ್ಲದಿರುವುದನ್ನು ನೋಡಿ ಒಳಗೆ ಬಂದು, "ಅಪ್ಪಾ, ರಬ್ಬರೇ ಇಲ್ಲ. ಅಮ್ಮ ಆವತ್ತೇ ಹೇಳಿದ್ದಳಲ್ಲ. ಮತ್ತೆ ರಿಕ್ಷಾದವನು ಅಡ್ಡ ಬಂದ ಅಂತ ಸ್ವಾಮಿಗಳ ಹತ್ತಿರ ಯಾಕೆ ಹೇಳಿದೆ?" ಎಂದಳು. ಮನೆಯವರು ಅಡಿಗೆಮನೆಯಿಂದ ಅವಳನ್ನು ಗದರಿಸಿದರು. ನಾವು ಗದರಿಸಲಿಲ್ಲ. ಗದರಿಸಲು ಶಕ್ತಿ ಇರಲಿಲ್ಲ ಎನ್ನುವುದೇ ಸರಿ.

ಪ್ರಾರಬ್ಧದ ಮಾತನ್ನು ಇಲ್ಲಿಯೇ ಮುಗಿಸುತ್ತೇವೆ. ಪ್ರಾರಬ್ಧಕರ್ಮ ಉಂಟು, ಅನುಭವಿಸಬೇಕಾದುದೂ ಉಂಟು. ಆದರೆ ಯಾವ ಪೆಟ್ಟು ಯಾವ ಜನ್ಮದ ಯಾವ ಕರ್ಮಕ್ಕೆ ಎಂಬುದನ್ನು ಬಲ್ಲ ಗುಮಾಸ್ತರು ನಾವಲ್ಲ. ರೋಗಿಯನ್ನು ನೋಡಲು ಬಂದವರು ಮಂಚದ ಪಕ್ಕ ಕುಳಿತು, ಕಾಫಿ ಕುಡಿದು, "ಏನೋ ನಿಮ್ಮ ಪ್ರಾರಬ್ಧ" ಎಂದು ಹೇಳಿ ಹೋಗುವ ಪದ್ಧತಿ ನಮ್ಮಲ್ಲಿದೆ. ದಯವಿಟ್ಟು ಹಾಗೆ ಹೇಳಬೇಡಿರಿ. ಬಿದ್ದವನು ತನ್ನ ನೋವನ್ನು ತಾಳಿಕೊಳ್ಳಲು ಆ ಮಾತನ್ನು ತಾನೇ ಹೇಳಿಕೊಂಡರೆ ಅದು ಸಾಧನ. ಬೇರೆಯವರು ಹೇಳಿದರೆ ಅವನ ಮುರಿದ ಎಲುಬಿನ ಮೇಲೆ ಇನ್ನೊಂದು ಪೆಟ್ಟು. ಒಂದು ಟೇಪ್ ರೆಕಾರ್ಡರಿನಲ್ಲಿ ಸುಳಾದಿಗಳನ್ನು ಹಾಕಿಕೊಟ್ಟು ಏನೂ ಮಾತನಾಡದೆ ಹೋದ ನೆರೆಮನೆಯ ಅಜ್ಜಿಯವರನ್ನು ನಾವು ಇಂದಿಗೂ ನೆನೆಯುತ್ತೇವೆ.

ಶ್ರೀರಾಘವೇಂದ್ರಸ್ವಾಮಿಗಳ ಆರಾಧನೆ, ಶ್ರಾವಣ ಬಹುಳ ಬಿದಿಗೆಯ ಹೊತ್ತಿಗೆ ಆರು ವಾರ ತುಂಬಿತು. ಚಿತ್ರದಲ್ಲಿ ಮುರಿದ ತುದಿಗಳ ಸುತ್ತ ಮೋಡ ಕವಿದಂತೆ ಹೊಸ ಎಲುಬು ಬೆಳೆದಿತ್ತು. ಪಟ್ಟಿಯನ್ನು ಬಿಚ್ಚಿದರು. ಕೈ ಬಂದೀತೆಂದು ತಿಳಿದಿದ್ದ ನಮಗೆ ನಿರಾಶೆ ಕಾದಿತ್ತು. ಭುಜ ಮರಗಟ್ಟಿತ್ತು, ತೋಳು ಸೊರಗಿತ್ತು, ಎದೆಯ ಮಟ್ಟಕ್ಕೂ ಏಳುತ್ತಿರಲಿಲ್ಲ. ವ್ಯಾಯಾಮ ಕಲಿಸಿದರು. ಬಲಗೈಯಿಂದ ಮೇಜನ್ನು ಹಿಡಿದು ಬಗ್ಗಿ, ಎಡಗೈಯನ್ನು ಜೋತುಬಿಟ್ಟು, ಗಡಿಯಾರದ ಲೋಲಕದಂತೆ ಮೆಲ್ಲಗೆ ತೂಗುವುದು. ಆಮೇಲೆ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆ ಹತ್ತುವಂತೆ ಮೇಲಕ್ಕೆ ನಡೆಸುವುದು. ದೇವರಕೋಣೆಯ ಹೊರಗೋಡೆಯ ಮೇಲೆ ಮಗಳು ದಿನವೂ ಪೆನ್ಸಿಲಿನಿಂದ ಗೆರೆ ಹಾಕುವಳು. ಕೆಲವು ದಿನ ಒಂದು ಬೆರಳಿನಷ್ಟು ಏರುವುದು, ಕೆಲವು ದಿನ ನಿಂತಲ್ಲಿಯೇ ನಿಲ್ಲುವುದು. ಗುಣ ಮಾಡುವವನು ಧನ್ವಂತರಿ. ಆದರೆ ಗೋಡೆಯ ಮುಂದೆ ನಿಲ್ಲದ ದಿನ ಗೆರೆ ಏರಲಿಲ್ಲ. ಈ ಗೋಡೆಯ ಸಂಗತಿಯನ್ನು ಕೈ ಮುರಿದುಕೊಂಡ ನಮ್ಮ ತರುಣರಿಗೂ ಹೇಳಿದೆವು. ಅವರ ಬೀಳುವಿಕೆಯಲ್ಲಿ ತಪ್ಪು ಬಾಗಿಲು ತೆರೆದವರದು, ಅವರದಲ್ಲ. ಅವರ ಪಾಲಿಗೆ ಬಂದಿರುವ ಕರ್ತೃತ್ವ ಈಗಿನದು, ಆ ಮಣಿಕಟ್ಟನ್ನು ದಿನವೂ ಹೇಳಿದಷ್ಟು ಸಲ ತಿರುಗಿಸುವುದು. ನಮ್ಮ ಪ್ರಕರಣ ಬೇರೆ, ಅಲ್ಲಿ ಹಿಂದಿನ ಬಾಕಿಯೂ ಇತ್ತು.

ಆ ಬಾಕಿಯನ್ನು ತೀರಿಸುವುದು ಎಲುಬು ಕೂಡುವುದಕ್ಕಿಂತ ತಡವಾಯಿತು. ಮಾನಸಪೂಜೆಗೆ ಕುಳಿತಾಗ ಬಾಗಿಲ ಬಳಿ ನಿಂತ ಆ ಮನುಷ್ಯನ ಮುಖವೇ ಎದುರಿಗೆ ಬರುತ್ತಿತ್ತು. ಕೈಯಿಲ್ಲದೆಯೂ ಮಾಡಬಹುದಾದ ಪೂಜೆಯೆಂದು ನಾವು ನಂಬಿದ್ದು ಅದೊಂದನ್ನೇ, ಅದೂ ಕೆಟ್ಟಿತ್ತು. ನಾಮಸ್ಮರಣೆಯಿಂದ ಪಾಪ ಹೋಗುವುದೆಂದು ಮನಸ್ಸಿಗೆ ಸಮಾಧಾನ ಹೇಳಿ ನೋಡಿದೆವು. ಹೋಗುತ್ತದೆ, ಸಂಶಯವಿಲ್ಲ. ಆದರೆ ಅವನ ಮೇಲೆ ನಾವು ಹೊರಿಸಿದ ಮಾತು ಕೇಸ್ ಪೇಪರಿನಲ್ಲಿ ಹಾಗೆಯೇ ಇತ್ತು, ಶಾಖಾಮಠದ ಜನರ ಬಾಯಲ್ಲಿಯೂ ಇತ್ತು. ಭಾದ್ರಪದದ ಒಂದು ಭಾನುವಾರ ಪಾಠದ ಆರಂಭದಲ್ಲಿ ನಡೆದದ್ದನ್ನು ಎರಡು ವಾಕ್ಯಗಳಲ್ಲಿ ಹೇಳಿದೆವು, ಹೆಚ್ಚು ಹೇಳಲು ನಾಲಗೆ ಏಳಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಶ್ರೀಗಳವರಿಗೆ ಪತ್ರ ಬರೆದು ಕ್ಷಮೆ ಬೇಡಿದೆವು. ಫಲಮಂತ್ರಾಕ್ಷತೆಯ ಜೊತೆಗೆ ಒಂದು ಸಾಲಿನ ಉತ್ತರ ಬಂದಿತು, ರಿಕ್ಷಾದವನನ್ನು ಕಂಡಿರಾ ಎಂದು.

ಹೆಸರಿಲ್ಲ, ನಂಬರಿಲ್ಲ. ಚಹದ ಅಂಗಡಿಯವನು ಮಾತ್ರ ಅವನು ಖಡಕಿ ಸ್ಟೇಷನ್ನಿನ ಕಡೆಯ ಸ್ಟ್ಯಾಂಡಿನಲ್ಲಿ ನಿಲ್ಲುವನೆಂದು ಹೇಳಿದನು. ಮೂರು ಸಂಜೆ ಅಲ್ಲಿಗೆ ಹೋಗಿ ಬರಿಗೈಯಲ್ಲಿ ಬಂದೆವು. ನಾಲ್ಕನೆಯ ಸಂಜೆ ಸಿಕ್ಕಿದನು. ಅಂದು ಸೈಕಲ್ಲನ್ನು ಹತ್ತದೆ ತಳ್ಳಿಕೊಂಡು ಹೋಗಿದ್ದೆವು, ಹತ್ತಲು ಇನ್ನೂ ಧೈರ್ಯ ಬಂದಿರಲಿಲ್ಲ. ನಮ್ಮ ಮುರುಕು ಮರಾಠಿಯಲ್ಲಿ, ಅಂದು ಆಸ್ಪತ್ರೆಯಲ್ಲಿ ನಿನ್ನ ಮೇಲೆ ಸುಳ್ಳು ಹೇಳಿದೆ, ತಪ್ಪು ನನ್ನದು ಎಂದೆವು. ಒಡೆದ ದೀಪಕ್ಕೆ ಎಷ್ಟಾಯಿತೆಂದು ಕೇಳಿದೆವು. ದೀಪದ ಹಣವನ್ನು ಎಣಿಸಿ ತೆಗೆದುಕೊಂಡನು. ಆಸ್ಪತ್ರೆಯ ಬಾಡಿಗೆಯನ್ನು ಕೊಡಲು ಹೋದರೆ ಕೈಯನ್ನು ಹಿಂದಕ್ಕೆ ತಳ್ಳಿದನು. ಕ್ಷಮಿಸಿದೆನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ನಮ್ಮ ಸೈಕಲ್ಲಿನ ಕಡೆಗೆ ಕಣ್ಣು ಹಾಯಿಸಿ, "ಕಾಕಾ, ಬ್ರೇಕ್ ಬದಲಲೇ ಕಾ?" ಎಂದನು. ಬದಲಿಸಿದ್ದೇನೆ ಎಂದೆವು. ನಂಬಲಿಲ್ಲವೆಂದು ತೋರುತ್ತದೆ. ಬಗ್ಗಿ, ಮುಂದಿನ ಗಾಲಿಯನ್ನು ಎತ್ತಿ ತಾನೇ ಜೋರಾಗಿ ತಿರುಗಿಸಿ, ಹಿಡಿಯನ್ನು ಒತ್ತಿ ನೋಡಿದನು. ಗಾಲಿ ನಿಂತಿತು.

॥ ಶ್ರೀಕೃಷ್ಣಾರ್ಪಣಮಸ್ತು ॥